ಅಂಚು ಮುಕ್ಕಾದ ಪೆನ್ನಿ

ನಮ್ಮೂರ ಹೆಂಗಸರು ಹೇಳುತ್ತಿದ್ದುದೇ ಹೀಗೆ:
'ಒಂದು ಪೆನ್ನಿ ಖರ್ಚು ಮಾಡಿ ಬರ್ತೀನಿ, ಈ ಚೀಲ ಹಿಡಿ.'
ಎಲ್ಲಿಗೆ ಅಂತ ಯಾರೂ ಕೇಳುತ್ತಿರಲಿಲ್ಲ.
ಲಿಂಕನ್‌ಶೈರಿನ ಕಡಲಂಚು; ಗಾಳಿಗೆ ಬೆನ್ನು ಕೊಟ್ಟು ನಿಂತ
ಪಾಲಿಕೆಯ ಶೌಚಾಲಯ.
ಗಂಡಸರಿಗೆ ಗೋಡೆ ಪುಕ್ಕಟೆ.
ಹೆಂಗಸರಿಗೆ ಬಾಗಿಲು, ಬಾಗಿಲಿಗೆ ಹಿತ್ತಾಳೆ ಬೀಗ,
ಬೀಗಕ್ಕೊಂದು ಬಾಯಿ, ಬಾಯಿಗೊಂದು ಪೆನ್ನಿ.
ಮಾತು ಹುಟ್ಟಿದ್ದು ಅಲ್ಲಿ,
ನಾಚಿಕೆಗೆ ಬಿಡಿಗಾಸಿನ ಮುಸುಕು.

ಆ ಬೀಗಗಳ ರಿಪೇರಿ ನನ್ನದು. ಸಿರಿಲ್ ಬ್ಲೆಂಕಿನ್.
ಕಡಲೊಳಕ್ಕೆ ಚಾಚಿದ ಮರದ ಕಟ್ಟೆಯ ಮೇಲಿನ
ಆಟದ ಯಂತ್ರಗಳೂ ನನ್ನವೇ:
ಗಾಜಿನೊಳಗೆ ಕಣಿ ಹೇಳುವ ಮೇಣದಜ್ಜಿ,
ಪೆನ್ನಿಗೊಮ್ಮೆ ನೇಣಿಗೇರಿ
ಮತ್ತೆ ಮೆಟ್ಟಿಲಿಳಿಯುವ ಕಳ್ಳ.
ಹಾಕಿದೊಡನೆ ಬೀಳುವ ಜಾತಿಯದಲ್ಲ ನಾಣ್ಯ.
ಒಳಗಿನ ಓಣಿಯಲ್ಲಿ, ಉಪ್ಪುಗಾಳಿ ತುಕ್ಕು ಹಿಡಿಸಿದ
ಯಾವುದೋ ತಿರುವಿನಲ್ಲಿ ಒರಗಿ ನಿಲ್ಲುತ್ತದೆ.
ಮಗು ಕಾಯುತ್ತದೆ. ಅಪ್ಪ ಬೈಯುತ್ತಾನೆ.
ನಾನು ಹೋಗಿ ಪಕ್ಕೆಗೊಂದು ಗುದ್ದುತ್ತೇನೆ,
ಟಣ್.
ಅಜ್ಜಿ ಕಣ್ಣು ಬಿಡುತ್ತಾಳೆ.
ಮಂಕನಿಗೆ ತಡವಾಗಿ ಹೊಳೆದರೆ ನಮ್ಮಲ್ಲಿ
'ಪೆನ್ನಿ ಬಿತ್ತು' ಅನ್ನುತ್ತಾರೆ.
ಗುದ್ದಿದವನ ಹೆಸರು ಹೇಳುವುದಿಲ್ಲ.

ಶುಕ್ರವಾರ ಬೀಗದ ಡಬ್ಬಿಗಳನ್ನು ಸುರಿದು ಎಣಿಸುವುದು.
ರಾಣಿಯ ಮುಖ ಸವೆದು ಬರೀ ಮೂಗುಳಿದ ಕಾಸು,
ತ್ರಿಶೂಲ ಹಿಡಿದು ಕೂತ ಹೆಂಗಸಿನ ಕಾಸು,
ಬೆರಳಿಗಂಟುವ ಕಪ್ಪು, ರಕ್ತದಂಥ ವಾಸನೆ.
ಮೂರನೇ ಬಾಗಿಲಿನ ಡಬ್ಬಿಯಲ್ಲಿ ಒಮ್ಮೆ
ಅಂಚು ಮುಕ್ಕಾದ ಪೆನ್ನಿಯೊಂದು ಸಿಕ್ಕಿತು,
ನಾನೇ ಅರದಿಂದ ಉಜ್ಜಿ ಕೆಡಿಸಿದ್ದು.
ಮನೆಯಲ್ಲಿ, ಗಡಿಯಾರದ ಪಕ್ಕದ ಬಸಿಯಲ್ಲಿರಬೇಕಾದದ್ದು.

ಬೇರೊಂದು ಹಾಕಿ ಅದನ್ನು ಮನೆಗೆ ತಂದೆ.
ಮುಂದಿನ ಶುಕ್ರವಾರ, ಮೂರನೇ ಡಬ್ಬಿಯಲ್ಲಿ, ಮತ್ತೆ ಅದೇ.
ಅದರ ಮುಂದಿನ ವಾರವೂ.
'ಕೆಟ್ಟ ಪೆನ್ನಿ ಮನೆ ಬಿಡದು' ಅಂತ ಗಾದೆ ನಮ್ಮಲ್ಲಿ,
ಎಷ್ಟು ಅಟ್ಟಿದರೂ ಮರಳುವ ಪುಂಡರಿಗೆ ಅನ್ನುವುದು.
ಊಟದ ಹೊತ್ತಿಗೆ ಅದನ್ನೇ ಹೇಳಿ ನಕ್ಕೆ.
ಥೆಲ್ಮಾಳೂ ನಕ್ಕಳು, ಬಟಾಣಿ ಬಡಿಸುತ್ತ.
ಅಮ್ಮ, 'ಬಟಾಣಿ ಬೆಂದಿಲ್ಲ' ಅಂದಳು.
ಹಳದಿ ಬಣ್ಣ ಬಳಿದು ಕಾದಿದ್ದ ಸಣ್ಣ ಕೋಣೆಯನ್ನು
ಆ ಚಳಿಗಾಲದಲ್ಲೇ ಅಮ್ಮನಿಗೆ ಕೊಟ್ಟಿದ್ದೆವು.

ಎಪ್ಪತ್ತೊಂದರಲ್ಲಿ ಹಳೆಯ ಪೆನ್ನಿ ಚಲಾವಣೆ ಕಳಕೊಂಡಿತು.
ಬೀಗ ಬದಲಾಯಿತು, ದರ ಏರಿತು;
ಹೆಂಗಸರು ಮಾತ್ರ ಇವತ್ತಿಗೂ
ಒಂದೇ ಪೆನ್ನಿ ಖರ್ಚು ಮಾಡುತ್ತಾರೆ.
ಥೆಲ್ಮಾಳನ್ನು ಮಣ್ಣು ಮಾಡಿದ ದಿನ, ಚಹಾದ ಹೊತ್ತಿಗೆ,
ಶೌಚಾಲಯ ಕಾಯುತ್ತಿದ್ದ ಮಿಸೆಸ್ ಟಪ್ಲಿನ್
ತಟ್ಟೆಯಲ್ಲಿನ ಕೇಕು ನೋಡುತ್ತ ಅಂದಳು:
'ಪಾಪ, ನೀರು ಬಿಟ್ಟ ಸದ್ದೇ ಬರ್ತಿರಲಿಲ್ಲ.
ಅರ್ಧ ಗಂಟೆ ಕೂತು, ಮುಖ ತೊಳೆದು ಹೋಗ್ತಿದ್ದಳು.
ನಿನಗೆ ಗೊತ್ತಿತ್ತು ಅಂದ್ಕೊಂಡಿದ್ದೆ.'

ಇಪ್ಪತ್ತಾರು ವರ್ಷ ಒರಗಿ ನಿಂತಿತ್ತು ನನ್ನೊಳಗೆ.
ಕೂಡಲೇ ಬಿತ್ತು ಅಂದರೆ ಸುಳ್ಳಾದೀತು;
ಕೇಕು ತಿಂದೆ, ಕೋಟು ಹಾಕಿಕೊಂಡೆ,
ಬಸ್ಸಿಗೆ ಚಿಲ್ಲರೆ ಎಣಿಸುವಾಗ ಬಿತ್ತು.

ಬಸಿಯಲ್ಲಿ ಆಗ ನಲವತ್ತು ಪೆನ್ನಿಗಳಾದರೂ ಇದ್ದವು,
ಎಲ್ಲವೂ ದುಂಡಗೆ.
ವಾರವಾರವೂ ಅವಳ ಬೆರಳು
ಮುಕ್ಕಾದದ್ದನ್ನೇ ಹುಡುಕಿ ತೆಗೆಯಿತು,
ಬೀಗದ ಡಬ್ಬಿ ಸುರಿಯುವವನು ಯಾರೆಂದು
ತಿಳಿದೂ.