ಎರಡು ಬಕೆಟ್, ಮೂರು ಬಕೆಟ್

ಅತ್-ಬಾಶಿಯ ಶಾಲೆಯಲ್ಲಿ ಒಲೆ ಹಚ್ಚುವವನು ನಾನು.
ಬೆಳಗಿನ ಐದಕ್ಕೆ, ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ,
ಬೀಗವೇ ಕೈ ಕಚ್ಚುವ ಹೊತ್ತಿಗೆ ಬರುತ್ತೇನೆ.
ಕಲ್ಲಿದ್ದಲು ತಾನಾಗಿ ಹೊತ್ತಿಕೊಳ್ಳುವ ಜಾತಿಯದಲ್ಲ,
ಪುಸಲಾಯಿಸಬೇಕು.
ಹನ್ನೊಂದು ವರ್ಷ ಮಕ್ಕಳ ಹಾಳೆಗಳಿಂದಲೇ ಪುಸಲಾಯಿಸಿದೆ:
ಮುದುಡಿ ಎಸೆದದ್ದು, ಕೆಂಪು ಗೀರು ತಿಂದದ್ದು,
ವಸಂತ ಬಂತು ಹಕ್ಕಿಗಳು ಬಂದವು ಎಂದು
ನಲವತ್ತು ಕೈಗಳು ಒಂದೇ ಥರ ಬರೆದದ್ದು.
ಚೆನ್ನಾಗಿ ಉರಿಯುತ್ತಿದ್ದವು, ಸುಳ್ಳು ಯಾಕೆ ಹೇಳಲಿ.

ಈ ಚಳಿಗಾಲ ಹೊಸ ಟೀಚರು, ಗುಲ್ಬರ್ಚಿನ್.
ಬಂದ ವಾರವೇ ನನ್ನ ಕೈಯಿಂದ ಬುಟ್ಟಿ ಕಸಿದುಕೊಂಡಳು.
'ಇದು ಕಸವಲ್ಲ, ಕರಡು.'
ಮತ್ತೆ ಒಲೆಗೆ?
'ಬೆರಣಿ ಇದೆಯಲ್ಲ.'
ಬೆರಣಿ ಹೊಗೆಗೆ ಕೆಮ್ಮುತ್ತಾ
ಅವಳಿಗೂ ಅವಳ ಕರಡಿಗೂ ಮನಸಾರೆ ಬೈದೆ.

ಮೂರನೇ ಕ್ಲಾಸಿನವರು ಪೆನ್ನನ್ನು ಕಂಕುಳಲ್ಲಿಟ್ಟುಕೊಂಡು
ಶಾಯಿ ಕರಗುವ ತನಕ ಕೂರುತ್ತಾರೆ.
'ವಸಂತ ಬಂದಾಗ ನೋಡೋಣ,' ಅನ್ನುತ್ತಾಳೆ,
'ನಿನ್ನೆ ರಾತ್ರಿ ಮನೆಯಲ್ಲಿ ಏನು ಸದ್ದಾಯಿತು, ಅದನ್ನು ಬರಿ.'
ಉಲ್ಕಾನ್ ಬರೆದಳು:
ಅಜ್ಜಿಯ ಹಲ್ಲುಸೆಟ್ಟು ಲೋಟದಲ್ಲೇ ಹೆಪ್ಪುಗಟ್ಟಿತು,
ಒಡೆಯಲು ಅಪ್ಪ ಸುತ್ತಿಗೆ ತಂದ,
ಅಜ್ಜಿ ಬಾಯಿ ಮುಚ್ಚಿಕೊಂಡೇ ಬೈದಳು.
ಭೇಷ್ ಇಲ್ಲ, ತಪ್ಪು ಇಲ್ಲ,
ಟೀಚರದು ಒಂದೇ ಮಾತು: 'ಆಮೇಲೆ?'

ತಾಲಾಯ್ ಮಾತ್ರ ಮೂರು ವಾರ ಖಾಲಿ ಹಾಳೆ.
ಕುರಿ ಎಣಿಸೋದು ಬಿಟ್ಟು ಇನ್ನೇನೂ ಗೊತ್ತಿಲ್ಲ ಅಂದ.
'ಎಣಿಸಿದ್ದನ್ನೇ ಬರಿ.'
ಬರೆದ: ನೂರ ಹನ್ನೆರಡು.
ಮಾರನೆಯ ದಿನ: ನೂರ ಹನ್ನೊಂದು.
'ಆಮೇಲೆ?'
ಆ ಒಂದರ ಬಗ್ಗೆ ಒಂದೂವರೆ ಪುಟ.
ಕಿವಿ ಹರಿದಿದ್ದ ಕುರಿ,
ಅದರ ಚರ್ಮ ಹರವುವಾಗ ಇವನು ಬೆಟ್ಟದ ಕಡೆ ತಿರುಗಿ ನಿಂತದ್ದು.
ನಾನು ಒಲೆ ಕೆದಕುವುದನ್ನೇ ಮರೆತೆ.

ಅವಳೂ ಬರೆಯುತ್ತಾಳೆ, ಮಕ್ಕಳ ಜೊತೆಗೇ,
ಹೊಡೆದು ಹಾಕಿದ ಗೀಟುಗಳ ಸಮೇತ ಗೋಡೆಗೆ ಅಂಟಿಸುತ್ತಾಳೆ.
ಒಂದು ದಿನ ತಾಲಾಯ್ ಅದರ ಮುಂದೆ ನಿಂತ.
'ಇಲ್ಲಿ ಅಮ್ಮ ಅಂತ ಇತ್ತು. ಯಾಕೆ ಹೊಡೆದಿರಿ?'
ಅವಳು ಕಿಟಕಿಯ ಮಂಜು ಒರೆಸಿದಳು.
'ಆ ಪದ ಬೇಕು,' ಅಂದ,
ಬಡಗಿ ಬಡಗಿಗೆ ಹೇಳುವ ಹಾಗೆ,
ಮೂಗಿನಿಂದ ಸಿಂಬಳ ಇಳಿಯುತ್ತಿತ್ತು.
ಮರುದಿನ ಆ ಗೀಟಿನ ತಲೆಯ ಮೇಲೆ
ಪದ ಮತ್ತೆ ಬಂದು ಕೂತಿತ್ತು, ಸ್ವಲ್ಪ ಚಿಕ್ಕ ಅಕ್ಷರದಲ್ಲಿ.

ಈಗ ಅವನ ಕಣ್ಣು ನನ್ನ ಇದ್ದಿಲಿನ ಲೆಕ್ಕದ ಪುಸ್ತಕದ ಮೇಲೆ.
ಬೆರಳಿಟ್ಟು ಓದುತ್ತಾನೆ:
ಎರಡು ಬಕೆಟ್. ಎರಡು ಬಕೆಟ್. ಮೂರು ಬಕೆಟ್.
'ತಾತಾ, ಆವತ್ತು ಮೂರು ಯಾಕೆ?'
ಚಳಿ ಕಣೋ.
'ಆಮೇಲೆ?'

ಆವತ್ತು ಏನಾಯಿತು ಅಂತ
ನನ್ನ ಹೆಂಡತಿಗೂ ಹೇಳಿಲ್ಲ.
ಪೆನ್ನು ಹೆಪ್ಪುಗಟ್ಟಿದೆ ಅಂದೆ.
ಅವನು ಅದನ್ನು ಕಿತ್ತುಕೊಂಡು
ತನ್ನ ಕಂಕುಳಲ್ಲಿಟ್ಟುಕೊಂಡ,
ಕಾಯುತ್ತಾ ನಿಂತ.