ಏಕವಚನ

ಮುಬೀನಾಳ ಪ್ರಬಂಧ, ಮೂರನೇ ಅಧ್ಯಾಯ.
'ಡೇಟಾ ವಾಸ್' ಎಂದಲ್ಲೆಲ್ಲ ಹೊಡೆದು
'ವರ್' ಎಂದು ಬರೆದೆ, ಹದಿನೇಳು ಕಡೆ.
ಇಂಗ್ಲಿಷ್ ಕಲಿಸಿ ಸವೆದ ಕೈ,
ಬಹುವಚನ ಕಂಡರೆ ತಾನೇ ಏಳುತ್ತದೆ.

ಎದುರಿಗೆ ಕೂತು ಅವಳು ಪೊಟ್ಟಣ ಬಿಚ್ಚಿದಳು.
ಖಾರ ಮಂಡಕ್ಕಿ, ಮೇಲೆ ಎರಡು ಮಿರ್ಚಿ.
"ಇದು ಇದೆಯೋ, ಇವೆಯೋ, ಸಾರ್?"
ಮಂಡಕ್ಕಿಯನ್ನು ಯಾರು ಎಣಿಸಿದ್ದಾರೆ?
ಸೇರಲ್ಲಿ ಅಳೆದು ಸುರಿಯುತ್ತಾರೆ, ಮೇಲೊಂದು ಹಿಡಿ ಕೊಸರು.
ಇದೆ, ಅಂದೆ.
"ಮಿರ್ಚಿ?"
ಎರಡು. ಆದರೂ ನಮ್ಮೂರ ಬಾಯಲ್ಲಿ
'ಎರಡು ಮಿರ್ಚಿ ಐತೆ.'
ಇಂಥದ್ದಕ್ಕೆಲ್ಲ ಕನ್ನಡ ಲೆಕ್ಕ ಕೇಳುವುದಿಲ್ಲ.

ಪ್ರಯೋಗಾಲಯದ ಇಂಗ್ಲಿಷೂ ಒಮ್ಮೊಮ್ಮೆ ಹೀಗೇ:
ಐದು ಗ್ರಾಂ ಉಪ್ಪು ಹಾಕಿದರೆ 'ವಾಸ್',
ಐದೂ ಒಂದೇ ಚಮಚದಲ್ಲಿ ಹೋಯಿತಲ್ಲ.
ಐದು ಇಲಿ ಸತ್ತರೆ 'ವರ್'.
ಒಂದೊಂದೂ ತನ್ನ ಪಾಡಿಗೆ ತಾನು ಸತ್ತದ್ದಕ್ಕೆ.

"ಡೇಟಾ ಹಂಗಾರೆ?"
ಲ್ಯಾಟಿನ್ನಿನ ಬಹುವಚನ ಕಣಮ್ಮ,
ಈಗಿನವರು ಒಂದು ಅಂದುಕೊಂಡೇ ಬರೀತಾರೆ,
ಹಠ ನನ್ನದು, ಬೇಡ ಅಂದರೆ ಬಿಡು...

ಅವಳು ಹಾಳೆ ತಿರುವಿದಳು.
ಕೋಷ್ಟಕ ನಾಲ್ಕು. ಮಂಡಕ್ಕಿ ಭಟ್ಟಿಯ
ನಲವತ್ತೆರಡು ಮಂದಿ
ಒಂದೇ ಉಸಿರಿಗೆ ಊದಿದ್ದು ಎಷ್ಟು ಲೀಟರು ಎಂಬುದು.
"ಇಪ್ಪತ್ತಾರನೇ ಸಾಲು ನಮ್ಮ ಅಮ್ಮಿ.
ಮೂರು ಸಲ ಊದಿಸಿದೆ. ಮೂರನೇ ಸಲ
ನಕ್ಕುಬಿಟ್ಟರು, ಆ ರೀಡಿಂಗು ತೆಗೆದೆ.
ಭಟ್ಟಿ ಧಣಿಯ ಮಗ, ನನ್ನ ವಯಸ್ಸಿನವನು,
'ಏಯ್, ಬಾರೇ ಇಲ್ಲಿ' ಅಂತಾನೆ ಅವರಿಗೆ.
ಮೂವತ್ತು ವರ್ಷದಿಂದ ಆ ಮನೇಲಿ ಎಲ್ಲರೂ
ಏಕವಚನಾನೇ."
ಮಿರ್ಚಿಯ ತೊಟ್ಟು ಕಾಗದದ ಅಂಚಿಗಿಟ್ಟಳು.
"'ವರ್' ಇರಲಿ ಸಾರ್."

ತೋಳಹುಣಸೆಯ ಬಸ್ಸಿಗೆ ಹೊತ್ತಾಯಿತೆಂದು ಹೋದಳು.
ವಿನೋಬನಗರದಲ್ಲಿ ಕರೆಂಟು ಹೋಗಿ, ಬಂದು,
ಎಣ್ಣೆ ಹತ್ತಿದ ಬೆರಳಲ್ಲೇ ಮುಂದೆ ತಿರುವಿದೆ,
ಕೊನೆಗೆ ಕೃತಜ್ಞತೆಯ ಪುಟ.
ಗೈಡು, ಗೆಳತಿಯರು, ಸ್ಪೈರೋಮೀಟರು ಕೊಟ್ಟ ಆಸ್ಪತ್ರೆ,
ಎಲ್ಲ ಸರಿಯಾಗಿದೆ. ಅದರ ಕೆಳಗೆ
'ಮೈ ಮದರ್ ವರ್ ಮೈ ಫಸ್ಟ್ ಟೀಚರ್.'

ತಪ್ಪು.
ಮೂವತ್ತೊಂದು ವರ್ಷ ಇದನ್ನೇ ಕಪ್ಪು ಹಲಗೆಯ ಮೇಲೆ
ಒರೆಸಿ ಒರೆಸಿ ಬರೆಸಿದವನು ನಾನು.
ಪೆನ್ನು ಎತ್ತಿದೆ,
ಟೋಪಿ ಹಾಕಿ ಜೇಬಿಗಿಟ್ಟೆ.

ಕೆಂಪು ಶಾಯಿ ಇನ್ನೂ ಅರ್ಧ ಇತ್ತು.