ದಾರ ಕತ್ತರಿಸುವವಳು

ಕೌಲ್ ಬಜಾರಿನ ಗಲ್ಲಿಯೊಳಗೆ, ಮಾಳಿಗೆ ಮೇಲೆ
ಇಪ್ಪತ್ತೆರಡು ಮಷೀನು. ಒಮ್ಮೆಲೇ ಓಡಿದರೆ
ಪಕ್ಕದವಳು ಸತ್ತೆನೆಂದರೂ ಕೇಳುವುದಿಲ್ಲ.
ನಾವು ಹುಬ್ಬಲ್ಲಿ ಮಾತಾಡುತ್ತೇವೆ, ಗಲ್ಲದಲ್ಲಿ ಬಯ್ಯುತ್ತೇವೆ,
ಮೂಗಿನ ಹೊಳ್ಳೆ ಅರಳಿಸಿದರೆ ಮಾಸ್ತರ ಬಂದ ಅಂತ.

ಅದಕ್ಕೇ ಇರಬೇಕು
ರಜಮಾಬಿಯ ಫೋನಿಗೆ ದಾರಿ ತಪ್ಪಿ ಬಂದ
ಆ ಜರ್ಮನಿಯ ಮೂಕಿ ಚಿತ್ರ
ನಮಗೆ ಅರ್ಥವಾದದ್ದು.

ನೂಲಿನ ಕೋನಿಗೆ ಒರಗಿಸಿ ನಿಲ್ಲಿಸಿದ ಫೋನು.
ಒಗ್ಗರಣೆ ಮಂಡಕ್ಕಿ, ಮಿರ್ಚಿ. ಎಣ್ಣೆ ಬೆರಳು ತಾಗಿ
ಬರ್ಲಿನ್ನಿನ ಬೀದಿಗೆಲ್ಲ ಜಿಡ್ಡು.
ದಿನಕ್ಕೆ ಹದಿನೈದು ನಿಮಿಷ, ಆರು ದಿನ.
ನಡುವೆ ಅಮಾಸೆಗೆ ಯೂನಿಟ್ಟು ರಜೆ, ಆಕೆಗೂ ರಜೆ.

ಹುಡುಗಿ ಕೈಗವಸಿನ ಕಾರ್ಖಾನೆಯವಳು.
ಇದು ಹೇಳಿದ್ದು ಕಟಿಂಗ್ ಮಾಸ್ತರ ಗಾದಿಲಿಂಗಪ್ಪ.
ಅಡಿಬರಹ ಇಂಗ್ಲಿಷು, ಅವನು ಎಸ್ಸೆಸ್ಸೆಲ್ಸಿ ಫೇಲು,
ಅರ್ಧ ಓದುತ್ತಾನೆ, ಅರ್ಧ ಕಟ್ಟುತ್ತಾನೆ.
ಯಾರೋ ದೊಡ್ಡಮನುಷ್ಯಳ ಗವಸು ತಾನೇ ತೊಟ್ಟು
ಒಂದು ರಾತ್ರಿ ಊರು ನೋಡಲು ಹೋಗುತ್ತಾಳೆ. ಅಷ್ಟೇ ಕತೆ.
ಆಮೇಲೆ ಟೋಪಿಯ ಗಂಡಸರು, ಮೆಟ್ಟಿಲು, ಮಳೆ,
ಒಂದು ಗವಸು ಕಳೆಯುತ್ತದೆ.

ಹೆಸರು ನಮ್ಮ ಬಾಯಿಗೆ ಹತ್ತಲಿಲ್ಲ.
ಈರಕ್ಕ, 'ಗಿಡ್ಡ ಕೂದಲ ಆಯಮ್ಮ' ಅಂದಳು, ಅದೇ ನಿಂತಿತು.
ನಮ್ಮ ಮುತ್ತಜ್ಜಿ ಸಂಡೂರಿನ ಗಣಿಯಲ್ಲಿ
ಬುಟ್ಟಿ ಹೊರುತ್ತಿದ್ದ ಕಾಲದ ಹುಡುಗಿ,
ಸತ್ತು ಎಷ್ಟೋ ಆಯಿತು.
ಆದರೂ ಮೆಟ್ಟಿಲಿಳಿವಾಗ ಕಾಲು ಜಾರಿ
ಯಾರೂ ನೋಡಲಿಲ್ಲ ತಾನೇ ಅಂತ ತಿರುಗಿದಳಲ್ಲ,
ಅದು ನಿನ್ನೆ ಮೋತಿ ಸರ್ಕಲ್ಲಿನಲ್ಲಿ ನಾನೇ.

ಇರುಳಿನ ದೃಶ್ಯವೆಲ್ಲ ನೀಲಿ.
ಆಗ ರೀಲನ್ನೇ ಬಣ್ಣದಲ್ಲಿ ಅದ್ದುತ್ತಿದ್ದರಂತೆ.
ಹೇಳಿದ್ದು ಖಲಂದರ್ ತಾತ; ಒಂದು ಕಾಲಕ್ಕೆ
ಟಾಕೀಸಿನ ಆಪರೇಟರು, ಈಗ ನಮ್ಮ ಗೇಟು ಕಾಯುತ್ತಾನೆ.
ನಾವು ನಮ್ಮ ನಮ್ಮ ಉಗುರು ನೋಡಿಕೊಂಡೆವು.
ವಾಷಿಂಗಿನ ಹುಸೇನಮ್ಮನಿಗೆ
ಮೊಣಕೈವರೆಗೂ ಅದೇ ರಾತ್ರಿ.

ನಾಲ್ಕನೇ ದಿನ ಹುಲಿಗೆಮ್ಮ ಟ್ರಯಲ್ ಕನ್ನಡಿ ಮುಂದೆ
ಡೆನಿಮ್ಮಿನ ಕತ್ತರಿಯಲ್ಲೇ ಜಡೆ ಕತ್ತರಿಸಿಕೊಂಡಳು,
ಕಿವಿಮಟ್ಟಕ್ಕೆ; ಹಣೆ ಮೇಲೆ ಚಾಕ್ಪೀಸಿನ ಗೆರೆಯಷ್ಟು ನೇರ.
ಅತ್ತೆ ಮಾತು ಬಿಟ್ಟಳು.
'ಮನೇಲೂ ಮೂಕಿ ಚಿತ್ರನೇ ನಡದೈತೆ' ಅಂತ ನಕ್ಕಳು.
ಕತ್ತಿನ ಹಿಂಭಾಗ ಎಷ್ಟು ಬಿಳಿ ಇತ್ತು,
ಬಿಸಿಲೇ ಕಾಣದ್ದು, ಬಳ್ಳಾರಿಯಲ್ಲಿ!

ಕೊನೆಯ ದಿನ ಕರೆಂಟು ಹೋಯಿತು. ಮಷೀನೆಲ್ಲ ನಿಂತು
ಮೊದಲ ಸಲ ಕೇಳಿತು, ಯಾರೋ ಈಚೆಗೆ
ಚಿತ್ರಕ್ಕೆ ಅಂಟಿಸಿದ ಪಿಯಾನೋ.
'ಬಂದ್ ಮಾಡೇ ಅದನ್ನ' ಅಂದಳು ಈರಕ್ಕ,
'ಆಯಮ್ಮನ ಮಾತು ಕೇಳಿಸ್ವಲ್ದು.'

ನನ್ನ ಕೆಲಸ ದಾರ ಕತ್ತರಿಸುವುದು.
ಪ್ಯಾಂಟಿಗೆ ಒಂದೂವರೆ ರೂಪಾಯಿ.
ಹೊಲಿಗೆ ಮುಗಿದ ಮೇಲೆ ಉಳಿದದ್ದು, ಜೋಲುವುದು,
ಇರಬಾರದ್ದು ನನ್ನ ಕಣ್ಣಿಗೆ ಮೊದಲು ಬೀಳುತ್ತದೆ.
ಹಾಗಾಗಿ ನಾನೊಬ್ಬಳೇ ಕಂಡೆ:
ಎರಡನೇ ದಿನ, ಕುಣಿವ ಗುಂಪಿನ ನಡುವೆ,
ಕತೆಗೆ ಏನೂ ಸಂಬಂಧವಿಲ್ಲದೆ
ಆಕೆ ಸೀದಾ ಇತ್ತ ನೋಡಿದಳು.
ಕ್ಯಾಮೆರಾದವನು ಏನೋ ಅಂದಿರಬೇಕು.
ಹಸಿವಾಗಿತ್ತೋ, ಬೂಟು ಕಚ್ಚುತ್ತಿತ್ತೋ.
ರೆಪ್ಪೆ ಬಡಿಯುವಷ್ಟು ಹೊತ್ತು
ನಟನೆ ಇಲ್ಲ.

ತಪ್ಪದು. ಕತ್ತರಿಸಬೇಕಿತ್ತು.
ಅಲ್ಲೂ ಒಬ್ಬಳು ಕೂತಿದ್ದಳೇನೋ ಕತ್ತರಿ ಹಿಡಿದು,
ಬೆನ್ನುನೋವು, ಎಣಿಕೆ ಮೇಲೆ ಕೂಲಿ.
ಕಂಡಳು. ಕೈ ತಡೆದಳು.
ಬಿಟ್ಟಳು.

ಇವತ್ತು ಒಂದು ಪ್ಯಾಂಟಿನ ಒಳಜೇಬಿನಲ್ಲಿ
ಕೆಂಪು ಎಳೆಯೊಂದು ಜೋಲುತ್ತಿತ್ತು.
ಮಡಚಿ ಇಟ್ಟು
ಮುಂದಿನದಕ್ಕೆ ಕೈ ಹಾಕಿದೆ.